ಕಂಬದ ಬುಡದ ಜಾಗ

ಮೊನ್ನೆ ಆಟಿ ತಿಂಗಳ ಮಳೆಯಲ್ಲಿ ನಮ್ಮ ಕಾಸರಗೋಡು ಕಡೆಯ ಒಂದು ಭಜನಾ ಮಂದಿರದಲ್ಲಿ ತಾಳಮದ್ದಳೆ ಇತ್ತು, ವೇಷ ಕುಣಿತ ಇಲ್ಲದೆ ಕೂತಲ್ಲೇ ಪದ, ಮಾತಿನಲ್ಲಿ ನಡೆಸುವ ಯಕ್ಷಗಾನ. ಪ್ರಸಂಗ ಪಾದುಕಾ ಪ್ರದಾನ, ನನ್ನದು ಭರತನ ಅರ್ಥ, ಅಂದರೆ ಪದ ಮುಗಿದ ಮೇಲೆ ಭರತನಾಗಿ ಆಡುವ ಮಾತು. ಹಂಚಿನ ಮೇಲೆ ಮಳೆ ಬೀಳುವ ಶಬ್ದಕ್ಕೆ ಶ್ರುತಿ ಪೆಟ್ಟಿಗೆ ಕೇಳುತ್ತಿರಲಿಲ್ಲ. ಕರೆಂಟು ಸಂಜೆಯೇ ಹೋಗಿತ್ತು. ಎದುರು ಎಷ್ಟು ಜನ ಅಂತ ಎಣಿಸಬಾರದು, ಆದರೂ ಎಣಿಸಿದೆ. ಏಳು. ಅದರಲ್ಲಿ ಇಬ್ಬರು ಸಮಿತಿಯವರು, ಒಬ್ಬ ನನ್ನನ್ನು ಕರೆದುಕೊಂಡು ಬಂದ ಆಟೋದವ.

ಮೊದಲಿನ ನಾನಾಗಿದ್ದರೆ ಮಧ್ಯಾಹ್ನವೇ ಫೋನ್ ಮಾಡಿ ಜ್ವರ ಅನ್ನುತ್ತಿದ್ದೆ. ಸುಳ್ಳಲ್ಲ, ಎರಡು ಮೂರು ಸಲ ಹಾಗೆ ಮಾಡಿದ್ದೇನೆ. ಈ ಸಲ ಹೋಗಲೇಬೇಕಿತ್ತು. ಮಧೂರಿನ ಬೊಡ್ಡಜ್ಜನಿಗೆ, ಅಂದರೆ ಅಲ್ಲಿನ ಗಣಪತಿಗೆ, ಹೇಳಿಕೊಂಡ ಹರಕೆ ಅದು.

2025ರ ಮಕರ ಸಂಕ್ರಮಣದ ಹೊತ್ತಿಗೆ ನನ್ನ ಸ್ವರ ಹೋಯಿತು. ಮೊದಲು ಒಡೆಯಿತು, ಆಮೇಲೆ ಬರೀ ಗಾಳಿ. ಜ್ಯೇಷ್ಠಮಧು, ಕಲ್ಲುಸಕ್ಕರೆ, ಉಪ್ಪುನೀರು ಎಲ್ಲ ಆದ ಮೇಲೆ ಮಂಗಳೂರಿಗೆ ಹೋಗಿ ತೋರಿಸಿದೆ. ಗಂಟಲಲ್ಲಿ ಸಣ್ಣ ಗಂಟು, ಮೂರು ತಿಂಗಳು ಮಾತೇ ಆಡಬಾರದು ಅಂದರು. ಮೂವತ್ತು ವರ್ಷ ಮಾತಿನಲ್ಲೇ ಮೆರೆದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಾ? ಮನೆಯಲ್ಲಿ ಸ್ಲೇಟು ಹಿಡಿದು ಕೂತೆ. ಮೊಮ್ಮಗಳಿಗೆ ಅದೊಂದು ಆಟ.

ಆ ಮೂರು ತಿಂಗಳಲ್ಲೇ ಮಧೂರಿನಲ್ಲಿ ಬ್ರಹ್ಮಕಲಶ, ಮೂಡಪ್ಪ ಸೇವೆ ಬಂತು. 1992ರಲ್ಲಿ ಆದದ್ದು, ಮತ್ತೆ ಆಗಲಿಕ್ಕೆ 33 ವರ್ಷ ಬೇಕಾಯಿತು. ಅಷ್ಟು ದೊಡ್ಡ ಗಣಪತಿಯನ್ನು ಅಪ್ಪದಿಂದಲೇ ಮುಚ್ಚುವ ಸೇವೆ. ಜನಸಾಗರ ಅನ್ನುತ್ತಾರಲ್ಲ, ಅದೇ. ನಾನು ಎಲ್ಲಿ ನಿಂತಿದ್ದೆ, ಎಷ್ಟು ಹೊತ್ತು ನಿಂತಿದ್ದೆ, ಊಟ ಮಾಡಿದೆನೋ ಇಲ್ಲವೋ, ಒಂದೂ ಈಗ ನೆನಪಿಲ್ಲ. ನೆನಪಿರುವುದು ತುಪ್ಪ, ಬೆಲ್ಲ ಕಾಯುವ ಪರಿಮಳ, ಮತ್ತೆ ಆ ಪರಿಮಳದ ಜೊತೆಗೇ ಬಂದ ನನ್ನ ಸೋದರಮಾವ.

ಮಾವ ಹೋಗಿ ತುಂಬ ವರ್ಷ ಆಯಿತು. 1992ರ ಮೂಡಪ್ಪಕ್ಕೆ ನನ್ನನ್ನು ಕೈ ಹಿಡಿದು ಕರೆದುಕೊಂಡು ಹೋದವರು ಅವರು. ಕೈ ಹಿಡಿದು ಅಂದರೆ ನಾನು ಸಣ್ಣವನಲ್ಲ, ಮದುವೆಯ ಪ್ರಾಯ. ಆದರೂ ಹಿಡಿದಿದ್ದರು.

ಅವರ ವಿಷಯ ಹೇಳಬೇಕು. ಮಾವ ಅರ್ಥ ಹೇಳಿದವರಲ್ಲ, ಪದ ಹಾಡಿದವರಲ್ಲ. ತೋಟ, ಅಡಿಕೆ, ದನ, ಇಷ್ಟೇ. ಆದರೆ ಪತ್ತನಾಜೆಗೆ, ಮೇ ಕೊನೆಯ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಸೀಮೆಯಲ್ಲಿ ಎಲ್ಲಿ ತಾಳಮದ್ದಳೆ ಕೂಟ ಇದ್ದರೂ ಅಲ್ಲಿ ಮಾವ ಇರುತ್ತಿದ್ದರು. ಪ್ರಾಯದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣನ ಅರ್ಥ ಕೇಳಲಿಕ್ಕೆ ಸೂಟೆಯ ಬೆಳಕು ಹಿಡಿದು ಗುಡ್ಡ ಹತ್ತಿ ಇಳಿದು ಹೋದವರು. ಎಡನೀರು ಮಠಕ್ಕೂ ಹೋಗುತ್ತಿದ್ದರು. ಅಲ್ಲಿನ ಕೇಶವಾನಂದ ಭಾರತೀ ಸ್ವಾಮಿಗಳು ದೇಶಕ್ಕೆ ಗೊತ್ತಿರುವುದು ಸಂವಿಧಾನದ ಮೂಲ ರಚನೆಯ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ 1973ರ ತೀರ್ಪಿನಿಂದ, ನಮ್ಮ ಮಾವನಿಗೆ ಗೊತ್ತಿದ್ದದ್ದು ಅವರು ಪದ ಹಾಡುವ ಭಾಗವತಿಕೆಯಿಂದ. ಕೋರ್ಟಿನ ವಿಷಯ ಯಾರಾದರೂ ತೆಗೆದರೆ "ಅದೆಲ್ಲ ಇರಲಿ, ಪದ ಕೇಳಿದ್ದೀರಾ?" ಅನ್ನುತ್ತಿದ್ದರು.

ಎಪ್ಪತ್ತು ದಾಟಿದ ಮೇಲೆ ಮಾವನಿಗೆ ಕಿವಿ ಹೋಯಿತು. ಪೂರ್ತಿ ಹೋಯಿತು. ಆದರೂ ಬರುವುದು ನಿಲ್ಲಿಸಲಿಲ್ಲ. ನಾನು ಅರ್ಥಕ್ಕೆ ಕೂತಲ್ಲೆಲ್ಲ ಎದುರಿನ ಮೊದಲ ಕಂಬದ ಬುಡದಲ್ಲಿ, ಕುರ್ಚಿ ಇದ್ದರೂ ನೆಲದಲ್ಲಿ, ಬಲದ ಅಂಗೈ ನೆಲಕ್ಕೆ ಊರಿ ಕೂರುತ್ತಿದ್ದರು. ಮಂಗಳ ಪದ ಮುಗಿಯುವವರೆಗೆ ಏಳುತ್ತಿರಲಿಲ್ಲ. ನನಗೆ ಒಳಗೊಳಗೇ ನಾಚಿಕೆ. ಒಂದು ಸಲ ಕಿವಿಯ ಹತ್ತಿರ ಕೂಗಿ ಕೇಳಿಯೇ ಬಿಟ್ಟೆ, ಕೇಳದ ಮೇಲೆ ಈ ನಿದ್ರೆಗೇಡು ಯಾಕೆ ಮಾವ ಅಂತ.

"ಎನಗೆ ಕೇಳ್ತಿಲ್ಲೆ, ಅದು ಅಪ್ಪು. ಅವಕ್ಕೆ ಆನು ಕಾಣ್ತೆ ಅಲ್ಲದಾ?" ಅಂದರು.

ಅಷ್ಟು ಹೇಳಿ ವೀಳ್ಯದ ಕವಳ ಹಾಕಿದರು. ನನಗೆ ಕೇಳುವುದಿಲ್ಲ, ಅದು ಹೌದು, ಅವರಿಗೆ ನಾನು ಕಾಣುತ್ತೇನಲ್ಲ ಅನ್ನುವ ಆ ಮಾತು ಅವತ್ತು ನನಗೆ ತಲೆಗೆ ಹೋಗಲಿಲ್ಲ. ವಾದದಲ್ಲಿ ಎದುರಿನವನನ್ನು ಕಟ್ಟಿಹಾಕುವ ಅಮಲಿನಲ್ಲಿದ್ದ ಕಾಲ. ಕೇಳುವವ ಅಂದರೆ ಚಪ್ಪಾಳೆ, ಅಷ್ಟೇ.

ಸ್ವರ ಹೋದಾಗ ನನಗೂ ಎದುರು ಕೂರುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಒಂದು ದಿನ ಸುಮ್ನೆ ಒಂದು ಕೂಟಕ್ಕೆ ಹೋಗಿ ಕಂಬದ ಬುಡದಲ್ಲೇ ಕೂತೆ. ಏನೂ ಯೋಚಿಸದೆ ಕೈ ನೆಲಕ್ಕೆ ಊರಿದೆ. ಮದ್ದಳೆ ಶುರುವಾಯಿತು. ಅಂಗೈಗೆ ಬಂತು ನೋಡಿ! ನೆಲದಿಂದ ಮದ್ದಳೆ ಅಂಗೈಗೆ ಬರುತ್ತದೆ, ಅಲ್ಲಿಂದ ಮೊಣಕೈಗೆ, ಭುಜಕ್ಕೆ, ಚೆಂಡೆ ಬಿದ್ದರೆ ಎದೆಗೂಡಿಗೇ. ಮೂವತ್ತು ವರ್ಷ ಅದೇ ಮದ್ದಳೆಯ ಬದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತವನಿಗೆ ಅದು ಗೊತ್ತೇ ಇರಲಿಲ್ಲ. ಮುಂದಿನ ಪಾಯಿಂಟ್ ಎಂತ ಅಂತ ಯೋಚಿಸುತ್ತಾ ಕೂತವನಿಗೆ ನೆಲ ಎಲ್ಲಿ ಗೊತ್ತಾಗುವುದು? ಮಾವನಿಗೆ ಪದ ಕೇಳುತ್ತಲೇ ಇತ್ತು ಮಾರಾಯ್ರೆ. ಕಿವಿಯಲ್ಲಿ ಅಲ್ಲ, ಅಷ್ಟೇ. ಈಗಲೂ ಬರೆಯುವಾಗ ಅಂಗೈ ಜುಂ ಅನ್ನುತ್ತಿದೆ.

ಮೂಡಪ್ಪದ ದಿನ ಬೊಡ್ಡಜ್ಜನ ಎದುರು ಬಾಯಿ ತೆರೆಯದೆ ಹೇಳಿಕೊಂಡೆ. ಸ್ವರ ಕೊಡು. ಕೊಟ್ಟರೆ ಒಂದು ವರ್ಷ ಕರೆದಲ್ಲಿಗೆ ಹೋಗ್ತೇನೆ. ದೂರ ಅನ್ನುವುದಿಲ್ಲ, ಜನ ಎಷ್ಟು ಅಂತ ಕೇಳುವುದಿಲ್ಲ, ಸಂಭಾವನೆಯ ಕವರ್ ಮುಟ್ಟುವುದಿಲ್ಲ.

ಮಧೂರಿನ ಕಥೆ ನಿಮಗೆಲ್ಲ ಗೊತ್ತು. ಗುಡಿ ಮದನಂತೇಶ್ವರನದು. ಆ ಲಿಂಗ ಸಿಕ್ಕಿದ್ದು ಯಾರೋ ದೊಡ್ಡ ಋಷಿಗಲ್ಲ, ಮದರು ಅನ್ನುವ ಮೊಗೇರ ಹೆಂಗಸಿಗೆ. ಗಣಪತಿ ಬಂದದ್ದು ಅರ್ಚಕರ ಹುಡುಗ ಆಟಕ್ಕೆ ಗರ್ಭಗುಡಿಯ ತೆಂಕಣ ಗೋಡೆಯಲ್ಲಿ ಚಿತ್ರ ಬರೆದು. ಆ ಚಿತ್ರ ದಿನದಿಂದ ದಿನಕ್ಕೆ ದಪ್ಪ ಆಗುತ್ತಾ ಹೋಯಿತು, ಹುಡುಗ ಬೊಡ್ಡಜ್ಜ ಅಂದ. ನನಗೆ ಈಗ ಈ ಕಥೆಯಲ್ಲಿ ಗಣಪತಿಗಿಂತ ಆ ಹುಡುಗನ ಮೇಲೆ ಪ್ರೀತಿ ಜಾಸ್ತಿ. ದಿನಾ ನೋಡುವವರಿಗೆ ಮಗು ಬೆಳೆದದ್ದು ಗೊತ್ತಾಗುವುದಿಲ್ಲ ಅಂತಾರೆ. ಈ ಹುಡುಗನಿಗೆ ಗೊತ್ತಾಯಿತು. ಅಂದರೆ ಅವ ದಿನಾ ಬಂದ, ಬಂದು ಸರಿಯಾಗಿ ನೋಡಿದ. ಒಳಗೆ ಮಂತ್ರ ಹೇಳುವ ದೊಡ್ಡವರು ಅದೇ ಗೋಡೆಯ ಬದಿಯಲ್ಲಿ ಓಡಾಡುತ್ತಿದ್ದರು ಅಲ್ವಾ?

ಜೂನ್‌ನಲ್ಲಿ ಸ್ವರ ಬಂತು. ಮೊದಲಿನ ಗತ್ತು ಇಲ್ಲ, ಆದರೆ ಬಂತು.

ಈಗ ಸ್ವಲ್ಪ ದೂರು. ಕೂಟ ಇದೆ ಅಂತ ಹೇಳಿದರೆ ಮೊದಲ ಪ್ರಶ್ನೆ "ಲೈವ್ ಇದೆಯಾ?" ಅಂತ. ಇದೆ. ಮೊಬೈಲಿನಲ್ಲಿ ನೂರಾರು ಜನ ನೋಡುತ್ತಾರೆ, ಕೈ ಮುಗಿಯುವ ಚಿತ್ರ ಕಳಿಸುತ್ತಾರೆ, ಮಂದಿರದಲ್ಲಿ ಜಮಖಾನೆ ಖಾಲಿ. ದುಬೈಯಲ್ಲಿರುವವರು ನೋಡಲಿ, ಬೆಂಗಳೂರಿನವರು ನೋಡಲಿ, ಅದು ಅವರ ಪುಣ್ಯ. ಮಂದಿರದ ಪಕ್ಕದ ಮನೆಯವರು ಸೋಫಾದಲ್ಲಿ ಕೂತು ನೋಡಿದ್ದಾರೆ, ಅದಕ್ಕೆ ಎಂತ ಹೇಳುವುದು? 1956ರಲ್ಲಿ ನಾವು ಕೇರಳಕ್ಕೆ ಹೋದೆವು, ಕನ್ನಡ ಹೋಯಿತು ಅಂತ ವೇದಿಕೆಯಲ್ಲಿ ಅಳುವವರು ನಾವೇ. ಕನ್ನಡದ ಕೂಟಕ್ಕೆ ಛತ್ರಿ ಬಿಡಿಸಿ ಹತ್ತು ಹೆಜ್ಜೆ ಬರಲಾರದವರೂ ನಾವೇ. ಇರಲಿ, ನಾನೂ ಜ್ವರದ ಫೋನ್ ಮಾಡಿದವನೇ.

ಆ ಮಳೆಯ ರಾತ್ರಿಗೆ ಬರುತ್ತೇನೆ. ನಮ್ಮ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬ ಹಾಡಿಟ್ಟು ಹೋದ ರಾಮಾಯಣ ನಮಗೆ ಅನ್ನ ಇದ್ದ ಹಾಗೆ, ದಿನಾ ಉಂಡರೂ ಬೇಜಾರಿಲ್ಲ. ಆದರೆ ಭರತನ ಅರ್ಥವನ್ನು ನಾನು ಯಾವತ್ತೂ ವಕೀಲನ ಹಾಗೆ ಹೇಳಿದವ. ಜ್ಯೇಷ್ಠನಿರುವಾಗ ಕನಿಷ್ಠನಿಗೆ ರಾಜ್ಯ ಹೇಗೆ, ಅಪ್ಪನ ಮಾತು ದೊಡ್ಡದೋ ಪ್ರಜೆಗಳ ಮಾತು ದೊಡ್ಡದೋ ಅಂತ ರಾಮನನ್ನು ಸುತ್ತಿಸಿ ಸುತ್ತಿಸಿ ಬಿಡುವುದು. ಅವತ್ತು ಭಾಗವತರು ಪದ ಮುಗಿಸಿದರು, ನಾನು "ಬಂದಿದ್ದೇನೆ ಅಣ್ಣ" ಅಂದೆ. ಮುಂದಿನ ಮಾತು ಬರಲಿಲ್ಲ. ಗಂಟಲು ಸರಿಯೇ ಇತ್ತು. ಅಯೋಧ್ಯೆಯನ್ನೇ ಕಟ್ಟಿಕೊಂಡು ಚಿತ್ರಕೂಟಕ್ಕೆ ನಡೆದು ಬಂದವನಿಗೆ ಕೊನೆಗೆ ಸಿಕ್ಕಿದ್ದು ಒಂದು ಜೊತೆ ಪಾದುಕೆ, ರಾಮ ಹಿಂದೆ ಬರಲೇ ಇಲ್ಲ. ಆದರೂ ಅವ ಮನೆಯಲ್ಲಿ ಕೂತು ದೂತನನ್ನು ಕಳಿಸಲಿಲ್ಲ. ರಾಮನ ಅರ್ಥದವರು ನನ್ನನ್ನೇ ನೋಡಿದರು, ಎರಡು ಕ್ಷಣ ಕಾದು, "ಕೂತುಕೋ ತಮ್ಮ" ಅಂದರು. ಅವರ ಪೀಠಿಕೆಯಲ್ಲಿ ಇಲ್ಲದ ಮಾತು ಅದು. ಮತ್ತೆ ವಾದ ಆಗಲಿಲ್ಲ, ಅಣ್ಣ ತಮ್ಮ ಮಾತಾಡಿದ ಹಾಗೆ ಆಯಿತು. ಏಳೂ ಜನ ಎದ್ದು ಹೋಗಲಿಲ್ಲ. ಕಂಬದ ಬುಡ ಮಾತ್ರ ಖಾಲಿ ಇತ್ತು, ನಾನು ಮಾತಾಡಿದ್ದು ಹೆಚ್ಚೂಕಡಿಮೆ ಅಲ್ಲಿಗೇ.

ವಾಪಸು ಬರುವಾಗ ಆಟೋದ ಹುಡುಗ, ಕನ್ನಡ ಅರ್ಧಂಬರ್ಧ ಬರುವವ, ಮಲಯಾಳದಲ್ಲಿ ಕೇಳಿದ, ಆ ಏಟ್ಟನ್, ಅಂದರೆ ಅಣ್ಣ, ಯಾಕೆ ತಿರುಗಿ ಬರಲಿಲ್ಲ ಅಂತ. ಹೇಳಿದೆ. ಹಾಗಾದರೆ ಹದಿನಾಲ್ಕು ವರ್ಷ ತಮ್ಮ ಎಂತ ಮಾಡಿದ ಅಂತ ಕೇಳಿದ. ಅದನ್ನೂ ಹೇಳಿದೆ, ನಂದಿಗ್ರಾಮ, ಪಾದುಕೆ, ಎಲ್ಲ. ಮನೆಯ ಗೇಟು ಬಂತು, ಕಥೆ ಮುಗಿದಿರಲಿಲ್ಲ. ಮಳೆ ಹೊಡೆಯುತ್ತಲೇ ಇತ್ತು. ನಾನು ಇಳಿಯಲಿಕ್ಕೆ ಛತ್ರಿ ಹುಡುಕಿದೆ. ಅವ ಇಂಜಿನ್ ಆಫ್ ಮಾಡಿ, ಸೀಟಿನಲ್ಲೇ ಹಿಂದೆ ತಿರುಗಿ ಕೂತ.