ಶೆಡ್ ದೊಡ್ಡದಾಯಿತು, ಎಷ್ಟು ಜನರಿಗೆ ಕೆಲಸ ಸಿಕ್ಕಿತು?

ಪೀಣ್ಯದಲ್ಲಿರುವ ನಮ್ಮ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಗೆ ಪಕ್ಕದ ಶೆಡ್ಡನ್ನೂ ಸೇರಿಸಿಕೊಂಡ ಮೇಲೆ ನೆಂಟರು, ಬ್ಯಾಂಕಿನವರು, ಊರಿನವರು ಎಲ್ಲರೂ ಕೇಳುವುದು ಇದನ್ನೇ. ಏಳು ಜನರಿಗೆ ಎನ್ನುತ್ತೇನೆ. 16 ಇದ್ದವರು 23 ಆದರು. "ಅಷ್ಟೇನಾ?" ಎನ್ನುತ್ತಾರೆ.

ನಾವು ಮಾಡುವುದು 25 ಮತ್ತು 63 ಕೆವಿಎ ಸಾಮರ್ಥ್ಯದ ಟಿ.ಸಿ.ಗಳನ್ನು, ಅಂದರೆ ಟ್ರಾನ್ಸ್‌ಫಾರ್ಮರ್‌ಗಳನ್ನು. 11,000 ವೋಲ್ಟ್ ವಿದ್ಯುತ್ತನ್ನು 433ಕ್ಕೆ ಇಳಿಸಿ ಪಂಪ್‌ಸೆಟ್ಟಿಗೆ, ಮನೆಗೆ ಕೊಡುವಂಥವು. ಜಾಗ ಹೆಚ್ಚಾಯಿತೆಂದು ಎಲ್ಲ ಕಡೆಯೂ ಕೈ ಹೆಚ್ಚು ಬೇಕಾಗುವುದಿಲ್ಲ. ಒಣಗಿಸುವ ಓವನ್ ದೊಡ್ಡದಾದರೂ ಅದನ್ನು ನೋಡಿಕೊಳ್ಳುವವರು ಒಬ್ಬರೇ. ಜನ ಬೇಕಾಗುವುದು ತಂತಿಯ ಕಾಯಿಲ್ ಸುತ್ತುವುದಕ್ಕೆ. ಎಚ್.ಟಿ., ಅಂದರೆ ಹೆಚ್ಚು ವೋಲ್ಟಿನ ಕಡೆಯ ಕಾಯಿಲ್ ಎಂದರೆ ಸಾವಿರಾರು ಸುತ್ತು, ಪದರಕ್ಕೊಂದು ಕಾಗದ. ಎಲ್ಲೋ ಒಂದು ಕಡೆ ತಂತಿಯ ಹೊದಿಕೆ ಗೀರಿತೆಂದರೂ ಟಿ.ಸಿ. ಸುಟ್ಟು, ಯಾರದೋ ಹೊಲ ಒಣಗಬಹುದು. ನಮ್ಮಲ್ಲಿ ವೈಂಡಿಂಗ್ ಮಾಡುವ ಅಕ್ಕ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ತಂತಿ ಹಿಡಿಯುತ್ತಾರೆ. ಎಳೆತ ತುಸು ಬದಲಾದರೂ ಅದು ಮೊದಲು ಅವರ ಬೆರಳಿಗೇ ತಿಳಿಯುತ್ತದೆ. ಆ ಕ್ಷಣವೇ ಪೆಡಲ್‌ನಿಂದ ಕಾಲು ತೆಗೆಯುತ್ತಾರೆ. ಅವರು ಹೆಲ್ಪರ್ ಆಗಿ ಬಂದವರು. ಹೊಸ ಏಳು ಜನರಲ್ಲಿ ನಾಲ್ವರು ಅವರ ಪಕ್ಕದಲ್ಲೇ ಕುಳಿತು ಕಲಿತರು. ಒಂದು ಕಾಯಿಲನ್ನು ಒಬ್ಬರೇ ಮುಗಿಸುವ ಹೊತ್ತಿಗೆ ಎಂಟು ತಿಂಗಳಾಗಿತ್ತು. ಅಷ್ಟೂ ದಿನ ಸಂಬಳ ಕೊಟ್ಟದ್ದೂ ವಿಸ್ತರಣೆಯ ಖರ್ಚೇ, ಯಾವ ಪ್ರಾಜೆಕ್ಟ್ ವರದಿಯಲ್ಲೂ ನಾವು ಅದನ್ನು ಬರೆದಿರಲಿಲ್ಲ.

ಇಪ್ಪತ್ತನೆಯವರನ್ನು ಸೇರಿಸಿಕೊಳ್ಳುವಾಗ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. 20 ಜನರಾದರೆ ಪಿ.ಎಫ್. ಕಡ್ಡಾಯ, ಮಾಲೀಕರ ಪಾಲು ಮೂಲ ವೇತನದ ಶೇ 12. ಹತ್ತೊಂಬತ್ತಕ್ಕೇ ನಿಲ್ಲಿಸಿ ಎಂದು ಹಿತೈಷಿಗಳೇ ಹೇಳಿದರು. "ಇಲ್ಲೇ ಕೈ ಸವೆಸುವವರಿಗೆ ಮುಪ್ಪಿನ ಕಾಲಕ್ಕೆ ನಾಲ್ಕು ಕಾಸು ಬೇಡವೇ?" ಎಂದರು ಅಮ್ಮ. ಅಪ್ಪ ಮರುದಿನವೇ ಹಾಜರಿ ಪುಸ್ತಕದಲ್ಲಿ ಹೆಸರು ಬರೆದರು. ಆ ನಿರ್ಧಾರದ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ.

ಇನ್ನೂ ಹೆಚ್ಚು ಜನರನ್ನು ಏಕೆ ತೆಗೆದುಕೊಳ್ಳಲಿಲ್ಲ ಎಂದರೆ, ಶೆಡ್ಡಿಗೆ, ಯಂತ್ರಕ್ಕೆ ಸಾಲ ಸಿಗುತ್ತದೆ. ತಂತಿ, ಎಣ್ಣೆ, ಸಂಬಳಕ್ಕೆ ಬೇಕಾದ ದುಡ್ಡು ಮಾಲು ಕೊಂಡವರಿಂದಲೇ ಬರಬೇಕು. ಸಣ್ಣ ಉದ್ದಿಮೆಗಳ ಬಾಕಿಯನ್ನು 45 ದಿನದೊಳಗೆ ತೀರಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ನಮ್ಮ ಒಂದು ಬಿಲ್ಲಿಗೆ ಏಳು ತಿಂಗಳು ತುಂಬಿದೆ. ಐದನೆಯ ವೈಂಡಿಂಗ್ ಯಂತ್ರ ಟಾರ್ಪಾಲು ಹೊದ್ದು ನಿಂತಿದೆ. ವೈಂಡಿಂಗ್ ಮಾಡುವ ಆ ಅಕ್ಕನ ಮಗಳು ಐಟಿಐ ಮುಗಿಸಿ ಅರ್ಜಿ ಕೊಟ್ಟಿದ್ದಾಳೆ. ಅದು ನನ್ನ ಮೇಜಿನ ಮೇಲೆಯೇ ಇದೆ.