ಹಳೇ ನಂಬರು

ದಾವಣಗೆರೆ, 5 ಮಾರ್ಚ್ 2025, ಬುಧವಾರ

ಗುಂಡಿ ಸರ್ಕಲ್ ಕಡೆ ಮಿರ್ಚಿ ಮಂಡಕ್ಕಿ ತಿನ್ನೋಕೆ ಹೋದವರು ಸೆಟ್‌ಎನ್ವ್ ಅನ್ನೋ ಸಿ ಲೈಬ್ರರಿ ಫಂಕ್ಷನ್ ಬಗ್ಗೆ ಜಗಳ ಆಡಿಕೊಂಡು ಬಂದೆವು. ಚಿಕ್ಕಪ್ಪನ ಮಗ ಸಿಟ್ಟಲ್ಲಿದ್ದ. ಅವನ ಸರ್ವರ್ ಪ್ರೋಗ್ರಾಂ ನಾಲ್ಕು ದಿನದಿಂದ ಮೆಮೊರಿ ತಿನ್ನುತ್ತಲೇ ಇದೆ. ಹುಡುಕಿದರೆ, ಪ್ರತಿ ರಿಕ್ವೆಸ್ಟಿನ ಐಡಿಯನ್ನೂ ಸೆಟ್‌ಎನ್ವ್ ಕರೆದು ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಇಡೀ ಪ್ರೋಗ್ರಾಂ ಓದಬಹುದಾದ, ಹೆಸರಿಟ್ಟ ವ್ಯಾಲ್ಯೂ) ತುಂಬುತ್ತಿದ್ದಾನೆ, ಹೊಸ ವ್ಯಾಲ್ಯೂ ಬಂದರೂ ಹಳೇದರ ಮೆಮೊರಿ ಫ್ರೀ ಆಗುತ್ತಿಲ್ಲ, ಅಂದರೆ ಲೀಕ್.

"ಲೀಕ್ ನಂದಲ್ಲ ಅಣ್ಣಾ, ಲೈಬ್ರರೀದು. ಇಷ್ಟು ವರ್ಷದಿಂದ ಯಾರೂ ಸರಿ ಮಾಡಿಲ್ವಲ್ಲ!"

"ಆ ವ್ಯಾಲ್ಯೂ ಓದೋಕೆ ಗೆಟ್‌ಎನ್ವ್ ಕರೀತೀಯಲ್ಲ, ಅದು ನಿನಗೇನು ಕೊಡುತ್ತೆ?"

"ಪಾಯಿಂಟರ್, ಮೆಮೊರೀಲಿರೋ ಜಾಗದ ವಿಳಾಸ."

"ಅದೂ ಕಾಪಿದಲ್ಲ, ಒಳಗಿರೋ ಸ್ಟ್ರಿಂಗಿಂದೇ. ಅದನ್ನ ಯಾರ್ಯಾರು ಇಟ್ಕೊಂಡಿದ್ದಾರೋ ಲೈಬ್ರರಿಗೇನು ಗೊತ್ತು? ಫ್ರೀ ಮಾಡಿದ್ರೆ ಇನ್ಯಾರದೋ ಕೋಡು ಬಿಟ್ಟು ಹೋದ ಜಾಗ ಓದುತ್ತೆ."

ಲೀಕ್ ಆದರೆ ಗ್ರಾಫ್ ಏರೋದಾದರೂ ಕಾಣುತ್ತೆ. ಹಂಗೆ ಫ್ರೀ ಮಾಡಿದರೆ ಯಾವತ್ತೋ ಒಂದಿನ ರಾತ್ರಿ ಕ್ರ್ಯಾಶ್ ಆಗುತ್ತೆ, ಕಾರಣ ಹುಡುಕೋಕೆ ವಾರ ಬೇಕು. ಫ್ರೀಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್‌ನವರು ಸೆಟ್‌ಎನ್ವ್ ಮ್ಯಾನ್ ಪೇಜಿನ (ಕೈಪಿಡಿ) ಬಗ್ಸ್ ಭಾಗದಲ್ಲೇ ಬರೆದಿಟ್ಟಿದ್ದಾರೆ, ಈ ಲೀಕ್ ತಪ್ಪಿಸೋಕಾಗಲ್ಲ ಅಂತ. ಲಿನಕ್ಸ್‌ನಲ್ಲಿರೋ ಸಿ ಲೈಬ್ರರಿ ಗ್ಲಿಬ್‌ಸಿ ಸ್ವಲ್ಪ ಜಾಣ, ಅದೇ ವ್ಯಾಲ್ಯೂ ಮತ್ತೆ ಬಂದರೆ ಹಳೇ ಕಾಪಿಯನ್ನೇ ಬಳಸುತ್ತೆ. ಆದರೆ ಇವನ ಐಡಿ ಪ್ರತಿ ಸಲ ಹೊಸದು!

"ಹಂಗಾದ್ರೆ ಲೀಕ್ ಹುಡುಕೋ ಟೂಲು ವಾಲ್‌ಗ್ರೈಂಡ್ ಹೇಳೋದೆಲ್ಲ ಸುಮ್ನೇನಾ?" ಅಂತ ಮೆಣಸಿನಕಾಯಿ ತೊಟ್ಟು ಕಿತ್ತು ತಟ್ಟೆ ಅಂಚಿಗಿಟ್ಟ.

ಸುಮ್ನೆ ಅಲ್ಲ. ಯಾವ ಪಾಯಿಂಟರೂ ಉಳಿದಿಲ್ಲದ ಮೆಮೊರಿಯನ್ನ ಅದು ಡೆಫಿನೆಟ್ಲಿ ಲಾಸ್ಟ್ ಅನ್ನುತ್ತೆ, ಹಾಗಂದರೆ ಕೂತು ಸರಿ ಮಾಡಬೇಕು. ಸ್ಟಿಲ್ ರೀಚಬಲ್ ಅಂತ ಲೈಬ್ರರಿ ಹಿಡಿದುಕೊಂಡಿರೋದನ್ನ ಪ್ರೋಗ್ರಾಂ ಮುಗಿದಾಗ ಕರ್ನಲ್ ಹೇಗೂ ವಾಪಸ್ ತಗೊಳ್ಳುತ್ತೆ. ಅದನ್ನೆಲ್ಲ ಗುಡಿಸೋಕೆ ಗ್ಲಿಬ್‌ಸಿಯಲ್ಲಿ ಲಿಬ್‌ಸಿ ಫ್ರೀರೆಸ್ ಅಂತ ಒಂದು ಫಂಕ್ಷನ್ ಇದೆ, ಅದನ್ನ ಕರೆಯೋದು ವಾಲ್‌ಗ್ರೈಂಡ್ ಥರದ ಟೂಲುಗಳು ಮಾತ್ರ. ಐಡಿಯನ್ನ ಎನ್ವಿರಾನ್‌ಮೆಂಟಿಗೆ ತುಂಬೋ ಬದಲು ಒಂದು ಫಂಕ್ಷನ್ನಿಂದ ಇನ್ನೊಂದಕ್ಕೆ ಆರ್ಗ್ಯುಮೆಂಟ್ ಮಾಡಿ ಕಳಿಸೋ ಮಾರಾಯ ಅಂದೆ. ಅದಕ್ಕೆ ನಲವತ್ತು ಫಂಕ್ಷನ್ ತಿದ್ದಬೇಕಂತೆ. ದುಡ್ಡು ನಾನೇ ಕೊಟ್ಟೆ.

ಬಿಸಿಲು ಈಗಲೇ ಹೀಗೆ, ಏಪ್ರಿಲ್ ಹೇಗೋ.

ಮನೆಗೆ ಬಂದರೆ ಅಮ್ಮ, "ಅಪ್ಪನ ನಂಬರಿಗೆ ರೀಚಾರ್ಜ್ ಮಾಡಿದ್ಯೇನೋ?" ಅಂದಳು. ಅಪ್ಪ ಹೋಗಿ ಮೂರು ವರ್ಷ. ಬಿಟ್ಟುಬಿಡೋಣ ಅಂತ ಹೋದ ಸಲವೂ ಹೇಳಿದ್ದೆ. "ಯಾರ ಡೈರೀಲಿ ಆ ನಂಬರ್ ಇದೆಯೋ ನಿನಗೇನು ಗೊತ್ತು" ಅಂದಿದ್ದಳು. ಆಮೇಲೆ ಹರಪನಹಳ್ಳಿ ಕಡೆಯಿಂದ ಯಾರೋ ಒಬ್ಬರು ಮೆಕ್ಕೆಜೋಳದ ರೇಟು ಕೇಳೋಕೆ ಫೋನ್ ಮಾಡಿದ್ದರು. ಅಪ್ಪ ಇಲ್ಲ ಅಂತ ಅಮ್ಮ ಹೇಳಲೇ ಇಲ್ಲ. ವಿಚಾರಿಸಿ ಹೇಳ್ತೀನಿ ಅಂತ ಇಟ್ಟು, ನನ್ನ ಕಡೆ ತಿರುಗಿ ನೋಡಿದಳು.