ಡಯಲ್ ಹಳೇದಾಗಿರಲಿ, ಪರವಾಗಿಲ್ಲ

ಹಳೇ ಎಚ್‌ಎಂಟಿ ವಾಚು ತಗೊಳ್ಳಬೇಕು, ಯಾವುದು ಒಳ್ಳೇದು ಅಂತ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಬಾಯಿ ಬಿಡುವ ಮುಂಚೆಯೇ ಮೊಬೈಲಿನಲ್ಲಿ ಫೋಟೋ ರೆಡಿ ಇರುತ್ತದೆ. ಕಿತ್ತಳೆ ಬಣ್ಣದ ಡಯಲ್, ಅದರ ಮೇಲೆ ದಪ್ಪ ಹಿಂದಿ ಅಂಕಿ, ಒಂದು ಗೀರೂ ಇಲ್ಲದ ಗಾಜು. "ಐವತ್ತು ವರ್ಷ ಹಳೇದಂತೆ, ನೋಡಿ ಎಷ್ಟು ಚೆನ್ನಾಗಿ ಇಟ್ಕೊಂಡಿದ್ದಾರೆ!" ಇಟ್ಕೊಂಡಿಲ್ಲ ಮಾರಾಯ್ರೆ, ಮೊನ್ನೆ ಮೊನ್ನೆ ಬಣ್ಣ ಬಳಿದಿದ್ದಾರೆ.

ಎಲ್ಲರಿಗೂ ಬೇರೆ ಬೇರೆ ಹೇಳಿ ಸಾಕಾಯಿತು, ಅದಕ್ಕೇ ಒಂದೇ ಸಲ ಬರೆದುಬಿಡೋಣ ಅಂತ ಕೂತೆ. ನನ್ನ ಡಬ್ಬಿಯಲ್ಲಿ ಮುಕ್ಕಾಲು ಪಾಲು ಎಚ್‌ಎಂಟಿಗಳೇ. ಒಂದು ಕ್ಯಾಸಿಯೊ ಎಫ್-91ಡಬ್ಲ್ಯೂ ಇದೆ, ಮಳೆಗೆ, ಬಸ್ಸಿಗೆ. 1989ರಲ್ಲಿ ಬಂದ ಮಾಡೆಲ್ಲು, ಇವತ್ತಿಗೂ ಹೊಸದೇ ಸಿಗುತ್ತದೆ, ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸ್ವಿಸ್ ವಾಚಿಗೋಸ್ಕರ ಕಿಡ್ನಿ ಮಾರುವ ಯೋಚನೆ ನನಗಿಲ್ಲ. ಬೆಂಗಳೂರಿನಲ್ಲೇ ಇದ್ದುಕೊಂಡು, ಇಲ್ಲೇ ತಯಾರಾದ, ಇಲ್ಲಿನ ರಿಪೇರಿಯವರಿಗೆ ಕಣ್ಣು ಮುಚ್ಚಿ ಬಿಚ್ಚಲು ಬರುವ ವಾಚು ಬಿಟ್ಟು ಬೇರೆಯದನ್ನು ಯಾಕೆ ಹುಡುಕಲಿ?

ಕಥೆ ಬಹಳ ಜನಕ್ಕೆ ಗೊತ್ತು, ಆದರೂ ಚುಟುಕಾಗಿ ಹೇಳುತ್ತೇನೆ. ಎಚ್‌ಎಂಟಿ 1953ರಲ್ಲಿ ಶುರುವಾಗಿದ್ದು ವಾಚಿಗಲ್ಲ, ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳನ್ನು ಮಾಡಲು. ವಾಚಿನ ಕೆಲಸ 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದ್ದು ನೆಹರೂ. ಆಮೇಲೆ ಶ್ರೀನಗರ, ತುಮಕೂರು, ಉತ್ತರದ ರಾಣೀಬಾಗ್ ಅಂತ ಕಾರ್ಖಾನೆಗಳು ಹೆಚ್ಚಿದವು. ಎಂಬತ್ತರ ದಶಕದ ಕೊನೆಗೆ ಟೈಟನ್ ಬಂತು. ಪಕ್ಕದ ಹೊಸೂರಿನಿಂದ, ಸೆಲ್ ವಾಚು ಹಿಡಿದುಕೊಂಡು. ಎಚ್‌ಎಂಟಿಯವರೂ ಸೆಲ್ ವಾಚು ಮಾಡಿದ್ದರು, ಆದರೆ ಮನಸ್ಸೆಲ್ಲ ಕೀ ವಾಚಿನ ಮೇಲೇ ಇತ್ತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆ ಜಾಗ ಈಗ ಇಸ್ರೋ ಕೈಯಲ್ಲಿದೆ. ಲಾಲ್‌ಬಾಗಿನ ಹೂವಿನ ಗಡಿಯಾರವೂ ಎಚ್‌ಎಂಟಿಯದೇ, ಅದರ ಮುಂದೆ ಫೋಟೋ ತೆಗೆಸಿಕೊಳ್ಳದ ಬೆಂಗಳೂರಿನವರು ಕಡಿಮೆ ಅಲ್ವಾ.

ಮುಚ್ಚುವ ಸುದ್ದಿ ಬಂದಾಗಲೇ ನೋಡಿ ಎಲ್ಲರಿಗೂ ಅಪ್ಪ, ತಾತನ ವಾಚು ನೆನಪಾಗಿದ್ದು. ಅಲ್ಲಿಯವರೆಗೆ ಹಳೇ ಸಾಮಾನಿನ ಜೊತೆ ಬಿದ್ದಿದ್ದ, ಜನತಾ ಅನ್ನುವ ಮಾಡೆಲ್ಲಿನ ಎಚ್‌ಎಂಟಿ ವಾಚಿಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ಬೆಲೆ ಬಂದ ಕಡೆ ಬಣ್ಣ ಬಳಿಯುವವರೂ ಬಂದೇ ಬರುತ್ತಾರೆ.

ಮಾಡೆಲ್‌ಗಳ ಹೆಸರೇ ಒಂದು ಮಜಾ. ವಿಜಯ್, ಅವಿನಾಶ್, ಸುಜಾತಾ ಅಂತ ಓದುತ್ತಾ ಹೋದರೆ ಮೇಷ್ಟ್ರು ಹಾಜರಿ ಕರೆದ ಹಾಗಿರುತ್ತದೆ. ಸುಜಾತಾ ಹೆಂಗಸರ ವಾಚು. ಹೊಸಬರಿಗೆ ನಾನು ಹೇಳುವುದು ಮೂರೇ ಹೆಸರು, ಜನತಾ, ಪೈಲಟ್, ಸೋನಾ. ಜನತಾ ಅಂದರೆ ಬಿಳಿ ಡಯಲ್, ಸೆಕೆಂಡ್ ಮುಳ್ಳು, ತಾರೀಕು ಇಲ್ಲ, ಆಡಂಬರ ಇಲ್ಲ. ಪೈಲಟ್ ಅಂದರೆ ಕಪ್ಪು ಡಯಲ್, ಬಿಳಿ ಅಂಕಿ, ಕತ್ತಲಲ್ಲಿ ಹೊಳೆಯುವ ಚುಕ್ಕೆಗಳು. ಹುಡುಗರಿಗೆಲ್ಲ ಅದೇ ಬೇಕು, ಹಾಗಾಗಿ ನಕಲಿ ಡಯಲ್ ಜಾಸ್ತಿ ಇರುವುದೂ ಅದಕ್ಕೇ. ಸೋನಾ ತೆಳ್ಳಗಿನ ಚಿನ್ನದ ಬಣ್ಣದ್ದು. ಅಂಗಿಯ ತೋಳಿನ ಒಳಗೆ ಸುಮ್ನೆ ಜಾರಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ಎಚ್‌ಎಂಟಿಯವರು ಮಾಡಿದ ಅತಿ ಚೆಂದದ ವಾಚು ಸೋನಾನೇ, ಯಾರು ಎಷ್ಟು ಜಗಳ ಆಡಿದರೂ ಸರಿ.

ಕಾಂಚನ್ ಕಥೆಯೇ ಬೇರೆ. ಅದು ಆಟೋಮ್ಯಾಟಿಕ್, ಅಂದರೆ ಕೈ ಆಡಿದ ಹಾಗೆ ತಾನೇ ಕೀ ತುಂಬಿಕೊಳ್ಳುವಂಥದು, 21 ಕಲ್ಲಿನದು (ಕಲ್ಲು ಯಾಕೆ ಅಂತ ಮುಂದೆ ಹೇಳುತ್ತೇನೆ), ವಾರ ತಾರೀಕು ಎರಡೂ ತೋರಿಸುತ್ತದೆ. ಮದುವೆ ಮಾತುಕತೆಯಲ್ಲಿ ಸೂಟು, ಉಂಗುರದ ಜೊತೆ ವರೋಪಚಾರದ ಪಟ್ಟಿಯಲ್ಲಿ ಇದೂ ಇರುತ್ತಿತ್ತು. ಹಾಗಾಗಿ ಎಷ್ಟೋ ಕಾಂಚನ್‌ಗಳು ಬೀರುವಿನಲ್ಲೇ ಕಾಲ ಕಳೆದಿವೆ, ಮದುವೆ ಮುಂಜಿಗೆ ಮಾತ್ರ ಹೊರಗೆ ಬಂದಿವೆ. ಬಾಡಿ ಚೆನ್ನಾಗಿರುತ್ತದೆ, ಒಳಗಿನ ಎಣ್ಣೆ ಮಾತ್ರ ಒಣಗಿ ಅಂಟಾಗಿರುತ್ತದೆ. ಕೊಂಡರೆ ಸರ್ವೀಸಿನ ದುಡ್ಡನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಈಗ ಮಷಿನ್ ವಿಷಯ. ರಿಪೇರಿಯವರು ಒಳಗಿನ ಇಡೀ ಯಂತ್ರಕ್ಕೆ ಮಷಿನ್ ಅಂತಲೇ ಅನ್ನುತ್ತಾರೆ. ಜನತಾ, ಪೈಲಟ್ ಎರಡರ ಒಳಗೂ ಇರುವುದು 0231 ಅನ್ನುವ ಒಂದೇ ಮಷಿನ್, ಮೂಲ ಸಿಟಿಜನ್‌ದು. 17 ಜ್ಯುವೆಲ್. ಜ್ಯುವೆಲ್ ಅಂದ ಕೂಡಲೇ ಕರಗಿಸಿ ಮಾರಬಹುದು ಅಂತ ಯಾರೂ ಆಸೆಪಡಬೇಡಿ, ಅವು ಕಾರ್ಖಾನೆಯಲ್ಲಿ ಮಾಡಿದ ಕೆಂಪು ಕಲ್ಲು. ಚಕ್ರಗಳ ಅಚ್ಚಿನ ತುದಿ ಲೋಹದ ಮೇಲೆ ತಿರುಗಿದರೆ ಸವೆಯುತ್ತದೆ, ಕಲ್ಲಿನ ಕುಳಿಯಲ್ಲಿ ಸಣ್ಣ ಹನಿ ಎಣ್ಣೆ ಇಟ್ಟು ತಿರುಗಿಸಿದರೆ ವರ್ಷಗಟ್ಟಲೆ ಬಾಳುತ್ತದೆ, ಅಷ್ಟಕ್ಕೇ ಅವು. ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಕಿವಿ ಹತ್ತಿರ ಹಿಡಿದರೆ ಒಂದೊಂದು ಬಡಿತವೂ ಬಿಡಿಬಿಡಿಯಾಗಿ ಕೇಳುತ್ತದೆ. ಮೇಲಿಂದ ಬಣ್ಣ ಎಷ್ಟೇ ಬಳಿದಿರಲಿ, ಸುಮಾರು ವಾಚುಗಳಲ್ಲಿ ಈ ಮಷಿನ್ ಅಸಲಿಯೇ ಇರುತ್ತದೆ. ಮಾರುವವರು ಇದನ್ನೇ ಹಿಡಿದುಕೊಂಡು "ಒರಿಜಿನಲ್ ಎಚ್‌ಎಂಟಿ ಸಾರ್" ಅಂತ ಆಣೆ ಇಡುತ್ತಾರೆ. ಮಷಿನ್ ಮಟ್ಟಿಗೆ ಆ ಆಣೆ ಸುಳ್ಳಲ್ಲ, ತಮಾಷೆ ಅದೇ.

ಸುಳ್ಳು ಇರುವುದು ಡಯಲ್‌ನಲ್ಲಿ. ಅವೆನ್ಯೂ ರಸ್ತೆ ಪಕ್ಕದ ಗಲ್ಲಿಯಲ್ಲಿ ನಾನು ವಾಚು ರಿಪೇರಿಗೆ ಕೊಡುವ ಭಾಯ್ ಒಬ್ಬರಿದ್ದಾರೆ. ಅಂಗಡಿ ಅಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಒಂದು ಟ್ಯೂಬ್‌ಲೈಟು. ಒಮ್ಮೆ ಎರಡು ಪೈಲಟ್ ಪಕ್ಕಪಕ್ಕ ಇಟ್ಟು, ತಮ್ಮ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ಗಾಜು ತೆಗೆದು ನನ್ನ ಕೈಗೆ ಕೊಟ್ಟರು. "ನೋಡಿ ಸಾರ್, ಯಾವ್ದು ಕಂಪ್ನಿದು, ಯಾವ್ದು ಬೊಂಬಾಯಿದು, ನೀವೇ ಹೇಳಿ." ಬರಿಗಣ್ಣಿಗೆ ಎರಡನೆಯದೇ ಚೆಂದ, ಕರ್ರಗೆ ಮಿರಮಿರ ಮಿಂಚುತ್ತಿತ್ತು. ಗಾಜಿನಲ್ಲಿ ನೋಡಿದರೆ ಅದರ ಅಂಕಿಗಳ ಅಂಚು ನೀರಿಗೆ ಬಿದ್ದ ಮಸಿಯಂತೆ ಹರಡಿಕೊಂಡಿದೆ. ನಿಮಿಷದ ಗೆರೆಗಳಲ್ಲಿ ಒಂದು ದಪ್ಪ, ಒಂದು ಸಣ್ಣ. ಹನ್ನೆರಡರ ಗೆರೆ ಅಂಕಿಯ ನಡುವಿಗೆ ಸರಿಯಾಗಿ ಬಂದಿಲ್ಲ, ಒಂದು ಕೂದಲಿನಷ್ಟು ಎಡಕ್ಕೆ. ರೇಡಿಯಂ ಚುಕ್ಕೆ ಉಬ್ಬಿಕೊಂಡು ಹಸಿರಾಗಿ ನಿಂತಿದೆ. ಮೊದಲನೆಯದು ಅಲ್ಲಲ್ಲಿ ಬೂದು ಬಣ್ಣಕ್ಕೆ ತಿರುಗಿತ್ತು, ಚುಕ್ಕೆಗಳು ಕಂದಾಗಿ ಹೊಳೆಯುವುದನ್ನೇ ಬಿಟ್ಟಿದ್ದವು. ಆದರೆ ಅಕ್ಷರಗಳು ಬ್ಲೇಡಿನಲ್ಲಿ ಕತ್ತರಿಸಿದಷ್ಟು ಚೂಪು. "ಇದು" ಅಂದೆ. "ಹಾಂ" ಅಂದು ಗಾಜು ವಾಪಸ್ ಇಸ್ಕೊಂಡರು.

ಇಂಥ ಬಣ್ಣ ಬಳಿದವಕ್ಕೆ ಸಂಗ್ರಹ ಮಾಡುವವರು ಮುಂಬೈ ಸ್ಪೆಷಲ್ ಅನ್ನುತ್ತಾರೆ. ಕಿತ್ತಳೆ, ಗಿಣಿಹಸಿರು, ಎರಡು ಬಣ್ಣ ಸೇರಿಸಿದ್ದು ಕಂಡರೆ ಮೊದಲು ಅನುಮಾನಪಡಿ. ಹಿಂದಿ ಅಂಕಿ ಇರುವುದೆಲ್ಲ ನಕಲಿ ಅಂತಲೂ ಅಂದುಕೊಳ್ಳಬೇಡಿ, ದೇವನಾಗರಿಯಲ್ಲಿ ಜನತಾ ಅಂತ ಬರೆದಿರುವ ಅಸಲಿ ಡಯಲ್‌ಗಳು ಇವೆ. ಕಾರ್ಖಾನೆಯ ಅಚ್ಚೋ ಗಲ್ಲಿಯ ಅಚ್ಚೋ ಅನ್ನುವುದೇ ಪ್ರಶ್ನೆ. ಇದು ಎಚ್‌ಎಂಟಿಗೆ ಮಾತ್ರ ಬಂದ ರೋಗವೂ ಅಲ್ಲ. ಫಾವ್ರ್-ಲ್ಯೂಬಾ ಅಂತ ಸ್ವಿಸ್ ಕಂಪನಿ, 1865ರಿಂದಲೂ ನಮ್ಮ ದೇಶದಲ್ಲಿ ವ್ಯಾಪಾರ ಮಾಡಿದ್ದು. ಅದರ ಹಳೇ ವಾಚುಗಳಿಗೂ ಇದೇ ಗತಿ.

ಬಣ್ಣ ಬಳಿದರೆ ಏನು ತಪ್ಪು, ಚೆನ್ನಾಗಿ ಕಂಡರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಗೊತ್ತಿದ್ದು, ಅದಕ್ಕೆ ತಕ್ಕ ದುಡ್ಡು ಕೊಟ್ಟು, ಕಟ್ಟಿಕೊಂಡರೆ ಏನೂ ತಪ್ಪಿಲ್ಲ. ನನಗೆ ಸೇರುವುದಿಲ್ಲ, ಅಷ್ಟೇ. ವಾಚಿನಲ್ಲಿ ನಮ್ಮ ಕಣ್ಣು ದಿನಾ ಬೀಳುವ ಜಾಗ ಒಂದೇ, ಡಯಲ್. ಬೆಲ್ಟು ಬದಲಾಗುತ್ತದೆ, ಗಾಜು ಬದಲಾಗುತ್ತದೆ, ಮಷಿನ್‌ಗೆ ಇನ್ನೊಂದು ವಾಚಿನ ಬಿಡಿಭಾಗ ಹಾಕಬಹುದು. ಅಸಲಿ ಡಯಲ್ ಒರೆಸಿ ಬಣ್ಣ ಬಳಿದ ಮೇಲೆ ಅದು ವಾಪಸ್ ಬರುವುದಿಲ್ಲ. ಅದಕ್ಕೇ ಕಲೆ ಬಿದ್ದ ಅಸಲಿ, ಮಿಂಚುವ ನಕಲಿ ಎರಡರ ನಡುವೆ ನನಗೆ ಒಂದು ನಿಮಿಷದ ಗೊಂದಲವೂ ಆಗುವುದಿಲ್ಲ.

ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಏನು ನೋಡಬೇಕು? ಮೊದಲು ಕೀ ಕೊಡಿ. ಸರಾಗವಾಗಿ ತಿರುಗಿ ಕೊನೆಗೆ ಗಟ್ಟಿಯಾಗಬೇಕು, ಎಷ್ಟು ತಿರುಗಿಸಿದರೂ ಗಟ್ಟಿಯಾಗದಿದ್ದರೆ ಸ್ಪ್ರಿಂಗ್ ಹೋಗಿರಬಹುದು. ಕೀ ಎಳೆದು ಮುಳ್ಳು ತಿರುಗಿಸಿ, ಹನ್ನೆರಡರ ಹತ್ತಿರ ಎರಡು ಮುಳ್ಳೂ ಒಂದರ ಮೇಲೊಂದು ನೆಟ್ಟಗೆ ಕೂರಬೇಕು. ಹಿಂದಿನ ಮುಚ್ಚಳ ತೆಗೆಸಿ. ತೆಗೆಯಲ್ಲ ಅಂದರೆ ನಮಸ್ಕಾರ ಹೇಳಿ ಹೊರಡಿ. ಒಳಗೆ ತುಕ್ಕಿನ ಪುಡಿ ಇದ್ದರೆ ಯಾವಾಗಲೋ ನೀರು ಹೋಗಿದೆ ಅಂತ ಅರ್ಥ. ಬಾಡಿಯ ಮೂಲೆಗಳು ಸೋಪಿನ ಹಾಗೆ ದುಂಡಗಾಗಿದ್ದರೆ ಪಾಲಿಶ್ ಚಕ್ರಕ್ಕೆ ಹಿಡಿದು ಉಜ್ಜಿದ್ದಾರೆ. ಚಿನ್ನದ ಬಣ್ಣದವುಗಳಲ್ಲಿ ಬೆಲ್ಟು ಸಿಕ್ಕಿಸುವ ಕಿವಿಗಳ ಅಂಚಿನಲ್ಲಿ ಹಿತ್ತಾಳೆ ಇಣುಕುವುದು ಮಾಮೂಲು, ಅದಕ್ಕೆ ಹೆದರಬೇಡಿ. ಗಾಜಿನ ಗೀರಿಗಂತೂ ಚೌಕಾಸಿ ಬಿಟ್ಟು ಬೇರೇನೂ ಮಾಡಬೇಡಿ. ಅದು ಪ್ಲಾಸ್ಟಿಕ್ ಗಾಜು, ಮನೆಗೆ ತಂದು ಸ್ವಲ್ಪ ಟೂತ್‌ಪೇಸ್ಟ್ ಹಚ್ಚಿ ಹತ್ತಿ ಬಟ್ಟೆಯಲ್ಲಿ ಉಜ್ಜುತ್ತಾ ಕೂತರೆ ಮುಕ್ಕಾಲು ಗೀರು ಹೋಗುತ್ತದೆ.

ಸೈಜು ಚಿಕ್ಕದಾಯ್ತು ಅಂತ ಬೇಜಾರು ಮಾಡಿಕೊಳ್ಳುವವರೂ ಇದ್ದಾರೆ. ಹಳೇ ಎಚ್‌ಎಂಟಿ ಸುಮಾರು 35 ಮಿ.ಮೀ. ಅಗಲ, ಈಗಿನ ಶೋರೂಮಿನಲ್ಲಿ 42, 44 ನೋಡಿ ಕಣ್ಣು ಕೆಟ್ಟಿದೆ. ಒಂದು ವಾರ ಕಟ್ಟಿ ನೋಡಿ, ಆಮೇಲೆ ದೊಡ್ಡದೇ ವಿಚಿತ್ರವಾಗಿ ಕಾಣುತ್ತದೆ. ಅದರ ಜೊತೆ ಬರುವ ತಗಡಿನ ಚೈನು ತೆಗೆದು ಒಂದು ಸಾದಾ ಕಂದು ಚರ್ಮದ ಬೆಲ್ಟು ಹಾಕಿಸಿ, 18 ಮಿ.ಮೀ. ಕೇಳಿ. ಕೈ ಮೇಲಿನ ಕೂದಲು ಉಳಿಯುತ್ತದೆ.

ಇನ್ನು ದಿನಬಳಕೆ. ಬೆಳಿಗ್ಗೆ ಒಂದು ಹೊತ್ತು ಗೊತ್ತು ಮಾಡಿಕೊಂಡು ಕೀ ಕೊಡಿ, ಗಟ್ಟಿಯಾದ ಮೇಲೆ ಒತ್ತಾಯ ಮಾಡಬೇಡಿ. ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆದರೆ ಈ ವಯಸ್ಸಿಗೆ ಅದು ಆರೋಗ್ಯವಂತ ವಾಚು. ಒಂದೇ ದಿನ ಹತ್ತಿಪ್ಪತ್ತು ನಿಮಿಷ ಮುಂದೆ ಓಡಲು ಶುರು ಮಾಡಿದರೆ ಗಾಬರಿ ಬೇಡ, ಬಹುಶಃ ಸ್ಪೀಕರ್ ಪಕ್ಕದಲ್ಲೋ ಅಯಸ್ಕಾಂತದ ಮುಚ್ಚಳ ಇರುವ ಮೊಬೈಲ್ ಪೌಚಿನ ಮೇಲೋ ಇಟ್ಟಿರುತ್ತೀರಿ. ಒಳಗಿನ ಹೇರ್‌ಸ್ಪ್ರಿಂಗ್ ಕೂದಲಿನಷ್ಟು ತೆಳ್ಳಗಿನ ಸುರುಳಿ. ಅಯಸ್ಕಾಂತ ತಗುಲಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಸುರುಳಿ ಗಿಡ್ಡವಾದಂತೆ ಆಗುತ್ತದೆ, ವಾಚು ಓಡುತ್ತದೆ. ರಿಪೇರಿಯವರ ಹತ್ತಿರ ಅದನ್ನು ತೆಗೆಯುವ ಪುಟ್ಟ ಡಬ್ಬಿ ಇರುತ್ತದೆ, ನೀವು ಟೀ ಕುಡಿದು ಬರುವಷ್ಟರಲ್ಲಿ ಸರಿಯಾಗಿರುತ್ತದೆ. ನೀರಿಗೆ ಮಾತ್ರ ಕೈ ಹಾಕಬೇಡಿ. ಪಾತ್ರೆ ತೊಳೆಯುವ ಮುಂಚೆ ಬಿಚ್ಚಿಡಿ. (ಇದನ್ನೇ ನೆಪ ಮಾಡಿ ಪಾತ್ರೆ ತೊಳೆಯುವುದು ತಪ್ಪಿಸಿಕೊಂಡರೆ ನಾನು ಜವಾಬ್ದಾರನಲ್ಲ.)

ಎಷ್ಟು ವಾಚು ಇಟ್ಟುಕೊಳ್ಳಬೇಕು ಅನ್ನುವುದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ. ಬಹಳ ದಿನ ಕೈಗೆ ಕಟ್ಟದೇ ಉಳಿದದ್ದನ್ನು ಗೆಳೆಯರಿಗೆ ದಾಟಿಸಿಬಿಡುತ್ತೇನೆ. ಕೆಲವರು ಕಾರ್ಖಾನೆಯ ಪ್ಲಾಸ್ಟಿಕ್ ಕೂಡ ಬಿಚ್ಚದೆ ಲಾಕರ್‌ನಲ್ಲಿ ಇಡುತ್ತಾರೆ, ಬೆಲೆ ಏರಲಿ ಅಂತ. ಹಾಗೆ ಮಾಡುವ ಆಸೆ ಇದ್ದರೆ ಚೀಟಿ ಹಾಕಿ, ಬಂಗಾರ ತಗೊಳ್ಳಿ.

ಕೊಳ್ಳುವ ಮುಂಚೆ ಒಂದು ಸಲ ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂಗೆ ಹೋಗಿ ಬನ್ನಿ. 2019ರಲ್ಲಿ ಶುರುವಾದದ್ದು, ವಾಚಿನ ಜೊತೆ ಟ್ರ್ಯಾಕ್ಟರ್, ಯಂತ್ರಗಳೂ ಇವೆ, ಮಕ್ಕಳಿಗೂ ಖುಷಿಯಾಗುತ್ತದೆ. ನೀವು ಮಾತ್ರ ವಾಚಿನ ಗೋಡೆ ಮುಂದೆ ಸಾವಕಾಶವಾಗಿ ನಿಂತು ಅಸಲಿ ಡಯಲ್‌ಗಳ ಅಕ್ಷರ, ಗೆರೆ, ಮುಳ್ಳಿನ ಉದ್ದ ಎಲ್ಲ ಕಣ್ಣು ತುಂಬ ನೋಡಿಕೊಳ್ಳಿ. ಎಷ್ಟು ಫೋಟೋ ನೋಡಿದರೂ ಈ ತರಬೇತಿ ಸಿಗುವುದಿಲ್ಲ.

ಮನೆಯಲ್ಲೇ ತಾತನದೋ ಅತ್ತೆಯದೋ ಒಂದು ಎಚ್‌ಎಂಟಿ ಇದ್ದರಂತೂ ಹೊಸದಾಗಿ ಕೊಳ್ಳಲು ಹೋಗಲೇಬೇಡಿ, ಅದನ್ನೇ ಸರ್ವೀಸ್‌ಗೆ ಕೊಡಿ. ಕೊಡುವಾಗ ಒಂದು ಮಾತು ಸ್ಪಷ್ಟವಾಗಿ ಹೇಳಿ, ಆಗುವುದಾದರೆ ಚೀಟಿಯಲ್ಲೂ ಬರೆಸಿ: ಮಷಿನ್ ಬಿಚ್ಚಿ ತೊಳೆದು ಎಣ್ಣೆ ಹಾಕಿ, ಗಾಜು ಬೇಕಾದರೆ ಬದಲಾಯಿಸಿ, ಡಯಲ್ ಮುಟ್ಟಬೇಡಿ. ಹೇಳದಿದ್ದರೆ ಪಾಪ ಅವರು ನಿಮ್ಮ ಮೇಲಿನ ಪ್ರೀತಿಗೇ ಅದನ್ನು ಹೊಸದು ಮಾಡಿ ಕೊಟ್ಟುಬಿಡುತ್ತಾರೆ.